ತಪ್ಪನ್ನು ಓದಲು ಕಲಿಯೋಣ

ನಮ್ಮ ಭಾಗದ ಎಷ್ಟೋ ಊರ ಹೆಸರುಗಳ ಕೊನೆಗೆ ಬುದ್ರುಕ ಎಂದೋ ಖುರ್ದ ಎಂದೋ ಸೇರಿರುವುದು ನಿಮಗೆ ಗೊತ್ತೇ ಇದೆ. ಬುದ್ರುಕ ಎಂದರೆ ಹಿರಿದು, ಖುರ್ದ ಎಂದರೆ ಕಿರಿದು. ಸಲಗರ ಬುದ್ರುಕ ಎಂಬ ಹೆಸರು ಹೇಳುವಾಗ ಯಾರಿಗೂ ನೋವಾಗುವುದಿಲ್ಲ. ಖುರ್ದ ಎನಿಸಿಕೊಂಡ ಊರಿಗೂ ಆ ಹೆಸರಿನಿಂದ ಬೆಳೆ ಕಡಿಮೆಯಾಗುವುದಿಲ್ಲ. ಆದರೆ ನಾವು ಮಕ್ಕಳಿಗೂ ಹೀಗೆಯೇ ಹೆಸರಿಡುತ್ತೇವೆ. ಇವ ಶಾಣ್ಯಾ, ಅವ ದಡ್ಡ. ಊರಿಗೆ ಅಂಟಿದ ಹೆಸರು ನೆಲಕ್ಕೆ ತಾಗುವುದಿಲ್ಲ. ಮಗುವಿಗೆ ಅಂಟಿದ ಹೆಸರು ಮಾತ್ರ ಜೀವಮಾನವಿಡೀ ಬಿಡುವುದಿಲ್ಲ.

ಇಂದು ನಾನು ಮಾತಾಡುವುದು ಮನೆಪಾಠ ಹೇಳುವ ತರುಣ ತರುಣಿಯರನ್ನು ಕುರಿತು. ನಮ್ಮ ಕಡೆ ಇದನ್ನು ಶಿಕವಣಿ ಎನ್ನುವವರುಂಟು, ಟ್ಯೂಶನ್ ಎನ್ನುವವರುಂಟು. ಶಾಲೆಯ ಶಿಕ್ಷಕರು ಖಾಸಗಿ ಪಾಠ ಹೇಳಬಾರದೆಂದು 2009ರ ಶಿಕ್ಷಣ ಹಕ್ಕು ಕಾಯ್ದೆ ವಿಧಿಸಿದೆ. ಆದ್ದರಿಂದ ಸಲಗರ ಬುದ್ರುಕದಂಥ ಹಳ್ಳಿಗಳಲ್ಲಿ ಸಂಜೆಯ ಹೊತ್ತು ಪಡಸಾಲೆಯಲ್ಲಿ ಹತ್ತು ಮಕ್ಕಳನ್ನು ಕೂಡಿಸಿಕೊಂಡು ಪಾಠ ಹೇಳುವವರು ಹೆಚ್ಚಾಗಿ ಹನ್ನೆರಡನೆಯ ತರಗತಿ ಮುಗಿಸಿದ ಹೆಣ್ಣುಮಕ್ಕಳು, ಡಿ.ಎಡ್. ಮಾಡಿ ನೌಕರಿಗೆ ಕಾದಿರುವ ಹುಡುಗರು. ಆ ಹತ್ತು ಮಕ್ಕಳಲ್ಲಿ ಒಬ್ಬನೋ ಒಬ್ಬಳೋ ಎಷ್ಟು ಹೇಳಿಕೊಟ್ಟರೂ ಓದಲಾರದೆ ಕುಳಿತಿರುತ್ತದೆ. ಆ ಮಗುವಿಗೆ ಕಲಿಸಬೇಕಾದರೆ ಕಲಿಸುವವರಿಗೆ ಯಾವ ತರಬೇತಿ ಬೇಕು? ಇದೇ ಇಂದಿನ ವಿಷಯ.

ಮೊದಲು ನನ್ನ ತಪ್ಪನ್ನೇ ಹೇಳಿಬಿಡುತ್ತೇನೆ. ನಾನು ಗಡಿಭಾಗದ ಕನ್ನಡ ಶಾಲೆಗಳಲ್ಲಿ ಮೂವತ್ತು ವರ್ಷ ಪಾಠ ಹೇಳಿದವನು. ಒಂದು ಊರಿನಲ್ಲಿ ನಾಲ್ಕನೆಯ ತರಗತಿಯಲ್ಲಿ ನನಗೊಬ್ಬ ವಿದ್ಯಾರ್ಥಿ ಇದ್ದ. ಕುರಿ ಮೇಯಿಸುವ ಮನೆಯವನು. ಕತೆ ಕೇಳಿದರೆ ಒಂದು ಮಾತೂ ಬಿಡದೆ ತಿರುಗಿ ಹೇಳುತ್ತಿದ್ದ. ಸಂತೆಯ ಲೆಕ್ಕ ಬಾಯಲ್ಲೇ ಮಾಡುತ್ತಿದ್ದ. ಆದರೆ ಪುಸ್ತಕ ಮುಂದಿಟ್ಟರೆ ಮೈ ಬೆವರುತ್ತಿತ್ತು. ಅಕ್ಕ ಎಂದು ಬರೆದಿದ್ದರೆ ಅಕ ಎಂದು ಓದುತ್ತಿದ್ದ. ಸೂರ್ಯ ಎಂಬುದನ್ನು ಸೂಯ್ರ ಎನ್ನುತ್ತಿದ್ದ. ಅವನ ಅವ್ವ ಒಮ್ಮೆ ಶಾಲೆಗೆ ಬಂದು, “ಗುರೂಜಿ, ಇವಗ ಮನ್ಯಾಗಿನ ಲೆಕ್ಕಾ ಎಲ್ಲಾ ಬರತೈತ್ರಿ. ಪುಸ್ತಕ ಹಿಡದ್ರ ಯಾಕ ಹಿಂಗ ಮಾಡ್ತಾನೋ ತಿಳೀವಲ್ದು” ಎಂದಳು. ನಾನು ಕೊಟ್ಟ ಉತ್ತರವೇನು? “ಲಕ್ಷ್ಯ ಇಲ್ಲವ್ವ ಅವಗ” ಎಂದೆ. ಗುಣಿತವನ್ನು ಐವತ್ತು ಸಲ ಬರೆಯಿಸಿದೆ. ಎಲ್ಲರ ಮುಂದೆ ನಿಲ್ಲಿಸಿ ಓದಿಸಿದೆ. ಉಳಿದ ಮಕ್ಕಳು ನಕ್ಕರು, ನಾನು ತಡೆಯಲಿಲ್ಲ. ಮುಂದಿನ ವರ್ಷ ಅವನು ಶಾಲೆಗೆ ಬರಲಿಲ್ಲ.

ಎಷ್ಟೋ ವರ್ಷಗಳ ಮೇಲೆ ಒಂದು ಬಸ್ ನಿಲ್ದಾಣದಲ್ಲಿ ಅವನು ಸಿಕ್ಕ. ಕುರಿ ವ್ಯಾಪಾರ ಮಾಡುತ್ತಿದ್ದಾನೆ, ಕೈಯಲ್ಲಿ ನಾಲ್ಕು ದುಡ್ಡಿದೆ. ನನ್ನ ಕಾಲು ಮುಟ್ಟಿ ನಮಸ್ಕಾರ ಮಾಡಿದ. ಬಳಿಕ ಬಸ್ಸಿನ ಫಲಕ ತೋರಿಸಿ, “ಇದು ಎಲ್ಲೀದ್ರಿ ಗುರೂಜಿ? ಚಷ್ಮಾ ಮನ್ಯಾಗ ಬಿಟ್ಟ ಬಂದೀನ್ರಿ” ಎಂದ. ಅವನು ಎಂದೂ ಚಷ್ಮಾ ಹಾಕಿದವನಲ್ಲ. ಓದು ಬಾರದೆಂದು ಹೇಳಲು ನಾಚಿ, ಇಲ್ಲದ ಚಷ್ಮಾದ ಮರೆ ಹೊಕ್ಕಿದ್ದ. ಆ ನಾಚಿಕೆಯನ್ನು ಅವನಿಗೆ ಕಲಿಸಿದವನು ನಾನೇ ಎಂಬುದು ಅಂದು ಹೊಳೆಯಿತು.

ಬಂಧುಗಳೆ, ಇಂಥ ಮಕ್ಕಳ ಕತೆ ಹೊಸದೇನಲ್ಲ. 1896ರಲ್ಲಿ ಇಂಗ್ಲೆಂಡಿನ ವೈದ್ಯ ಪ್ರಿಂಗಲ್ ಮಾರ್ಗನ್ ಅವರು ಬ್ರಿಟಿಷ್ ವೈದ್ಯಕೀಯ ಪತ್ರಿಕೆಯಲ್ಲಿ ಹದಿನಾಲ್ಕು ವರ್ಷದ ಪರ್ಸಿ ಎಂಬ ಹುಡುಗನ ವಿಷಯ ಬರೆದರು. ಹುಡುಗ ಚುರುಕು, ಆಟದಲ್ಲಿ ಮುಂದು, ಆದರೆ ಓದು ಬಾರದು. ತನ್ನ ಹೆಸರನ್ನೇ ಪರ್ಸಿ ಎನ್ನುವ ಬದಲು ಪ್ರೆಸಿ ಎಂದು ಬರೆಯುತ್ತಿದ್ದ. ಪಾಠವೆಲ್ಲ ಬಾಯಿಮಾತಿನಲ್ಲೇ ನಡೆಯುವುದಾದರೆ ಶಾಲೆಯಲ್ಲಿ ಇವನೇ ಎಲ್ಲರಿಗಿಂತ ಜಾಣ ಎಂದು ಅವನ ಮಾಸ್ತರರು ಹೇಳಿದ್ದರಂತೆ. ಎಲ್ಲಿಯ ಇಂಗ್ಲೆಂಡು, ಎಲ್ಲಿಯ ನಮ್ಮ ಕುರಿಗಾರರ ಹುಡುಗ! ಅವನ ಹೆಸರಿನಲ್ಲೂ ರಕಾರ ಸ್ಥಳ ಬಿಟ್ಟಿತ್ತು, ಇವನ ಸೂರ್ಯನಲ್ಲೂ ರಕಾರ ಸ್ಥಳ ಬಿಟ್ಟಿತ್ತು.

ಇದಕ್ಕೆ ಇಂದು ಕಲಿಕೆಯ ನ್ಯೂನತೆ ಎನ್ನುತ್ತಾರೆ. ಓದಿನಲ್ಲಿ ತೊಡಕಾದರೆ ಡಿಸ್ಲೆಕ್ಸಿಯಾ, ಬರವಣಿಗೆಯಲ್ಲಾದರೆ ಡಿಸ್‌ಗ್ರಾಫಿಯಾ, ಲೆಕ್ಕದಲ್ಲಾದರೆ ಡಿಸ್‌ಕ್ಯಾಲ್‌ಕ್ಯುಲಿಯಾ. ಇದು ಬುದ್ಧಿಮಾಂದ್ಯವಲ್ಲ, ಸೋಮಾರಿತನವೂ ಅಲ್ಲ, ತಾಯಿತಂದೆಗಳ ತಪ್ಪೂ ಅಲ್ಲ. ಮಾತಿನಲ್ಲಿರುವ ನಾದವನ್ನು ಬಿಡಿಬಿಡಿಯಾಗಿಸಿ ಅಕ್ಷರಕ್ಕೆ ಹೊಂದಿಸುವ ಕೆಲಸ ಕೆಲವರ ಮಿದುಳಿಗೆ ಕಷ್ಟವಾಗುತ್ತದೆ. ಒಂದೇ ಮನೆತನದಲ್ಲಿ ಹಲವರಿಗೆ ಇರುವುದೂ ಉಂಟು.

ರೈತ ಬಂಧುಗಳಿಗೆ ಇದನ್ನು ಹೀಗೆ ಹೇಳಬಹುದು. ಕೂರಿಗೆಯ ಒಂದು ತಾಳಿಗೆ ಮಣ್ಣು ಮೆತ್ತಿಕೊಂಡರೆ ಆ ಸಾಲಿಗೆ ಕಾಳು ಇಳಿಯುವುದಿಲ್ಲ. ಜೋಳ ಮೊಳೆತಾಗ ನೋಡಿದರೆ ಅಕ್ಕಪಕ್ಕದ ಸಾಲು ಹಸಿರು, ನಡುವಿನದು ಬರಿದು. ಆಗ ನೀವು ಭೂಮಿಯನ್ನು ಬೈಯುತ್ತೀರಾ? ತಾಳು ನೋಡುತ್ತೀರಿ. ಮಗು ಓದದಿದ್ದಾಗಲೂ ಎಲ್ಲಿ ಕಟ್ಟಿಕೊಂಡಿದೆ ಎಂದು ನೋಡಬೇಕು.

ನೋಡುವುದು ಹೇಗೆ? ಮಗುವಿನ ತಪ್ಪನ್ನು ಓದುವುದರಿಂದ. ಕಲಿಸುವವರ ಮೊದಲ ತರಬೇತಿ ಇದೇ ಎಂದು ನಾನು ಈಗ ನಂಬಿದ್ದೇನೆ. ನಾವು ತಪ್ಪಿಗೆ ಕೆಂಪು ಗೆರೆ ಎಳೆದು ಮುಂದೆ ಹೋಗುತ್ತೇವೆ. ಹಾಗೆ ಮಾಡದೆ, ಮಗು ಹೇಗೆ ಓದಿತೋ ಹಾಗೆಯೇ ಒಂದು ವಹಿಯಲ್ಲಿ ಬರೆದುಕೊಳ್ಳಬೇಕು. ತಿದ್ದಬಾರದು, ಬೈಯಬಾರದು. ಹದಿನೈದು ದಿನ ಹೀಗೆ ಬರೆದರೆ ತಪ್ಪುಗಳು ತಾವೇ ಗುಂಪು ಕಟ್ಟಿಕೊಳ್ಳುತ್ತವೆ.

ಸೂರ್ಯನ ತಪ್ಪನ್ನೇ ನೋಡಿ. ನಾವು ರಕಾರವನ್ನು ಮೊದಲು ಉಚ್ಚರಿಸಿ ಆಮೇಲೆ ಯಕಾರ ಹೇಳುತ್ತೇವೆ. ಆದರೆ ಅರ್ಕಾವತ್ತನ್ನು ಬರೆಯುವುದು ಯಕಾರದ ಬಲಕ್ಕೆ. ಆ ಹುಡುಗ ಕಣ್ಣಿಗೆ ಕಂಡ ಕ್ರಮದಲ್ಲೇ ಓದಿದ್ದ. ಅವನ ಓದಿಗೆ ಒಂದು ನ್ಯಾಯವಿತ್ತು, ನನಗೆ ಅದು ಕಾಣಲಿಲ್ಲ. ಅಕ್ಕ ಎಂಬುದನ್ನು ಅಕ ಎಂದಾಗ ಅಕ್ಷರದ ಕೆಳಗಿನ ಒತ್ತು ಅವನ ಕಣ್ಣಿಗೆ ಬೀಳುತ್ತಿರಲಿಲ್ಲ. ಕೆಲವು ಮಕ್ಕಳಿಗೆ ಮ ಮತ್ತು ವು ಒಂದೇ ಆಗಿ ಕಾಣುತ್ತವೆ. ಬ, ಭ ಒಂದಾಗುತ್ತವೆ. ಪ, ಷ, ಫ ಕಲಸಿಹೋಗುತ್ತವೆ. ಇನ್ನು ಕೆಲವರಿಗೆ ಅಕ್ಷರ ಗೊತ್ತು, ಏತ್ವ ಓತ್ವದ ಗುರುತು ತಪ್ಪುತ್ತದೆ. ಈ ಒಂದೊಂದಕ್ಕೂ ಪಾಠ ಬೇರೆ. ಎಲ್ಲಕ್ಕೂ “ಐವತ್ತು ಸಲ ಬರಿ” ಎಂಬ ಒಂದೇ ಔಷಧ ನಡೆಯುವುದಿಲ್ಲ.

ತಪ್ಪಲ್ಲದ ತಪ್ಪುಗಳೂ ಇವೆ, ಅವನ್ನು ಬೇರೆ ತೆಗೆದಿಡಬೇಕು. ನಮ್ಮ ಮಗು ಮನೆ ಎಂಬಲ್ಲಿ ಮನಿ ಎಂದೂ ಶಾಲೆ ಎಂಬಲ್ಲಿ ಸಾಲಿ ಎಂದೂ ಬರೆಯುತ್ತದೆ. ಇದು ನ್ಯೂನತೆಯಲ್ಲ. ಮನೆಯಲ್ಲಿ ಕೇಳಿದ ಮಾತನ್ನು ಮಗು ನಿಖರವಾಗಿ ಅಕ್ಷರಕ್ಕೆ ಇಳಿಸಿದೆ, ಅದರ ಕಿವಿ ಚೆನ್ನಾಗಿದೆ ಎಂದರ್ಥ. ಭಾರತ ಎಂಬುದನ್ನು ಬಾರತ ಎಂದು ಬರೆಯುವವರಲ್ಲಿ ದೊಡ್ಡವರೂ ಇದ್ದಾರೆ. ಆಡುನುಡಿಗೂ ನ್ಯೂನತೆಗೂ ಇರುವ ವ್ಯತ್ಯಾಸ ತಿಳಿಯದಿದ್ದರೆ ಚೆನ್ನಾಗಿರುವ ಮಗುವಿಗೆ ಕೊರತೆಯ ಹೆಸರು ಅಂಟುತ್ತದೆ, ನಿಜವಾಗಿ ಒದ್ದಾಡುವ ಮಗು ಮೂಲೆಯಲ್ಲಿಯೇ ಉಳಿಯುತ್ತದೆ.

ನಮ್ಮ ಗಡಿಭಾಗದಲ್ಲಿ ಇನ್ನೊಂದು ತೊಡಕಿದೆ. ಕನ್ನಡ ಮಾಧ್ಯಮದ ಮಗು ಕನ್ನಡ, ದೇವನಾಗರಿ, ಇಂಗ್ಲಿಷ್ ಹೀಗೆ ಮೂರು ಲಿಪಿ ಕಲಿಯಬೇಕು. ಮರಾಠಿಯಲ್ಲಿ ಹ್ರಸ್ವ ಇಕಾರದ ಗೆರೆ ಅಕ್ಷರದ ಎಡಕ್ಕೆ ಬರುತ್ತದೆ, ಉಚ್ಚಾರವಾಗುವುದು ಮಾತ್ರ ಆಮೇಲೆ. ಇಂಗ್ಲಿಷಿನಲ್ಲಿ ಸಣ್ಣ ಬಿ ಮತ್ತು ಸಣ್ಣ ಡಿ ಒಂದಕ್ಕೊಂದು ಕನ್ನಡಿಯ ನೆರಳು. ಇನ್ನು ಕನ್ನಡದಲ್ಲಿ 34 ವ್ಯಂಜನಗಳಿಗೆ ಹನ್ನೆರಡರಂತೆ ಗುಣಿತ ಹಿಡಿದರೂ ನಾನೂರು ರೂಪ ದಾಟುತ್ತದೆ, ಒತ್ತಕ್ಷರ ಬೇರೆ. ಬೆಂಗಳೂರಿನ ಸಂಶೋಧಕಿ ಸೊನಾಲಿ ನಾಗ್ ಅವರು ಕನ್ನಡ ಓದುವ ಮಕ್ಕಳನ್ನು ಅಭ್ಯಸಿಸಿ 2007ರಲ್ಲಿ ಪ್ರಕಟಿಸಿದ ಲೇಖನದ ಪ್ರಕಾರ, ಈ ಅಕ್ಷರಗಳ ಕಲಿಕೆ ಒಂದೆರಡು ವರ್ಷದಲ್ಲಿ ಮುಗಿಯದೆ ನಾಲ್ಕನೆಯ ತರಗತಿಯವರೆಗೂ ಸಾಗುತ್ತದೆ. ಆದ್ದರಿಂದ ಒಂದನೆಯ ತರಗತಿಯ ಕೂಸು ಒತ್ತಕ್ಷರ ಓದಲಿಲ್ಲವೆಂದು ಗಾಬರಿಯಾಗಬೇಕಿಲ್ಲ. ಮಗು ಒಂದು ಲಿಪಿಯಲ್ಲಿ ಸರಾಗವಾಗಿ ಓದಿ ಇನ್ನೊಂದರಲ್ಲಿ ಮಾತ್ರ ಎಡವಿದರೆ, ಆ ಲಿಪಿಯ ಪಾಠ ಸಾಲದಾಗಿರಬಹುದು. ಮೂರರಲ್ಲೂ ಒಂದೇ ಬಗೆಯ ಒದ್ದಾಟ ಕಂಡರೆ ಆಗ ವಿಚಾರ ಮಾಡಬೇಕು.

ಹಾಗಾದರೆ ಕಡಿಮೆ ಓದಿದ ತರುಣಿಯರಿಂದ ಇಷ್ಟೆಲ್ಲ ಆಗುತ್ತದೆಯೆ? ಮುಂಬಯಿಯ ಪ್ರಥಮ ಸಂಸ್ಥೆ ನಡೆಸಿದ ಬಾಲಸಖಿ ಯೋಜನೆಯನ್ನು ನೆನೆಯಬೇಕು. ಮಾಧ್ಯಮಿಕ ಶಾಲೆ ಮುಗಿಸಿದ ಅಲ್ಲಲ್ಲಿಯ ಹೆಣ್ಣುಮಕ್ಕಳಿಗೆ ಎರಡು ವಾರದ ತರಬೇತಿ ಕೊಟ್ಟು, ಮೂರು ನಾಲ್ಕನೆಯ ತರಗತಿಯಲ್ಲಿ ಹಿಂದೆ ಬಿದ್ದ ಮಕ್ಕಳಿಗೆ ದಿನಕ್ಕೆ ಎರಡು ಗಂಟೆ ಪಾಠ ಹೇಳಿಸಿದರು. ಮುಂಬಯಿ ಮತ್ತು ವಡೋದರದಲ್ಲಿ ನಡೆದ ಈ ಕೆಲಸವನ್ನು ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ ಮೊದಲಾದವರು ಪರೀಕ್ಷಿಸಿ 2007ರಲ್ಲಿ ಫಲಿತಾಂಶ ಪ್ರಕಟಿಸಿದರು. ಮಕ್ಕಳ ಅಂಕ ಏರಿತ್ತು. ಎಲ್ಲರಿಗಿಂತ ಹಿಂದಿದ್ದವರಿಗೇ ಹೆಚ್ಚು ಲಾಭವಾಗಿತ್ತು. ಆ ಮಕ್ಕಳೆಲ್ಲ ನ್ಯೂನತೆಯವರಾಗಿರಲಿಲ್ಲ, ಬಹಳ ಜನ ಪಾಠ ತಪ್ಪಿ ಹಿಂದೆ ಬಿದ್ದವರು. ನಾವು ತಿಳಿಯಬೇಕಾದದ್ದು ಇಷ್ಟು: ಮಗುವಿನ ಮಟ್ಟಕ್ಕೆ ಇಳಿದು ಕಲಿಸಿದರೆ ಹಿಂದಿದ್ದವರಲ್ಲಿ ಅನೇಕರು ಏಳುತ್ತಾರೆ. ಹಾಗೆ ಕಲಿಸಿದ ಮೇಲೂ ಏಳದವರ ಕಡೆಗೆ ವಿಶೇಷ ಲಕ್ಷ್ಯ ಹೋಗಬೇಕು.

ಈಗ ತರಬೇತಿಯ ಕ್ರಮಕ್ಕೆ ಬರೋಣ. ಸಭಾಗೃಹದಲ್ಲಿ ಕೂಡಿಸಿ ದಿನವಿಡೀ ಭಾಷಣ ಮಾಡಿ ಚಹಾ ಕುಡಿಸಿ ಕಳಿಸಿದರೆ ಅದು ತರಬೇತಿಯಾಗುವುದಿಲ್ಲ. ಮೊದಲ ದಿನ ಒಂದು ಪ್ರಯೋಗ ಮಾಡಿಸಿ. ಪುಣೆಯ ಬಾಲಭಾರತಿ ಕನ್ನಡದಂತೆ ತೆಲುಗಿನಲ್ಲೂ ಪಠ್ಯಪುಸ್ತಕ ಮುದ್ರಿಸುತ್ತದೆ, ಸೋಲಾಪುರದಲ್ಲಿ ತೆಲುಗು ಜನರೂ ಬಹಳ. ತೆಲುಗಿನ ಒಂದು ಪುಟ ತಂದು ಕನ್ನಡ ಕಲಿಸುವವರ ಕೈಗೆ ಕೊಡಿ. ಅಕ್ಷರಗಳು ಪರಿಚಯದವರಂತೆ ಕಾಣುತ್ತವೆ, ಓದಲು ಹೋದರೆ ಕೈಕೊಡುತ್ತವೆ. ಉಳಿದವರು ಸುತ್ತ ನಿಂತು “ಬೇಗ, ಬೇಗ” ಎನ್ನಲಿ. ಎರಡೇ ನಿಮಿಷದಲ್ಲಿ ಕಿವಿ ಬಿಸಿಯಾಗುತ್ತದೆ. ಆ ಮಗುವಿಗೆ ದಿನಾಲು ಹೀಗೆಯೇ ಆಗುತ್ತದೆ ಎಂದು ಆಗ ಹೇಳಿದರೆ ಸಾಕು.

ಎರಡನೆಯ ದಿನದಿಂದ ಜೋಡಿ ಮಾಡಬೇಕು. ಒಬ್ಬರು ಕಲಿಸಲಿ, ಇನ್ನೊಬ್ಬರು ಮಾತಾಡದೆ ಕುಳಿತು ಮಗು ಎಲ್ಲಿ ತಡೆಯಿತು, ಏನೆಂದು ಓದಿತು, ಕಲಿಸುವವರು ಎಲ್ಲಿ ಅವಸರ ಮಾಡಿದರು ಎಂದು ಬರೆಯಲಿ. ಮಾರನೆಯ ದಿನ ಅದಲುಬದಲು. ವಾರದ ಕೊನೆಗೆ ಎರಡು ವಹಿ ಇಟ್ಟುಕೊಂಡು ಕುಳಿತರೆ ನಾಲ್ಕು ಭಾಷಣಗಳಲ್ಲಿ ಸಿಗದ ತಿಳಿವಳಿಕೆ ಸಿಗುತ್ತದೆ. ತನ್ನ ತಪ್ಪನ್ನು ಜೊತೆಗಾರರ ವಹಿಯಲ್ಲಿ ಓದಿದವರು ಮಗುವಿನ ತಪ್ಪಿಗೆ ಸಿಟ್ಟಾಗುವುದಿಲ್ಲ.

ಪಾಠ ಹೇಳುವಾಗ ಕೆಲವು ಮಾತು ನೆನಪಿರಲಿ. ಮೊದಲು ಕಿವಿಗೆ, ಆಮೇಲೆ ಕಣ್ಣಿಗೆ. ಕಮಲ ಎಂಬ ಮಾತನ್ನು ಮೂರು ಚಪ್ಪಾಳೆಯಲ್ಲಿ ಬಿಡಿಸಲಿ. ನಡುವಿನ ಅಕ್ಷರ ತೆಗೆದರೆ ಏನು ಉಳಿಯಿತೆಂದು ಕೇಳಿ. ಬಳಿಕ ಅಕ್ಷರವನ್ನು ಮರಳಿನಲ್ಲಿ ಬೆರಳಾಡಿಸಿ ಬರೆಯಲಿ, ಜೋಳದ ಕಾಳು ಜೋಡಿಸಿ ಮಾಡಲಿ, ಮಾಡುತ್ತ ಬಾಯಲ್ಲಿ ಹೇಳಲಿ. ಕಣ್ಣು, ಕಿವಿ, ಕೈ ಒಟ್ಟಿಗೆ ಕೆಲಸ ಮಾಡುವ ಈ ಪದ್ಧತಿಯನ್ನು ಅಮೆರಿಕದಲ್ಲಿ ವೈದ್ಯ ಸ್ಯಾಮ್ಯುಯಲ್ ಆರ್ಟನ್ ಮತ್ತು ಶಿಕ್ಷಕಿ ಆ್ಯನಾ ಗಿಲಿಂಗ್‌ಹ್ಯಾಮ್ 1930ರ ದಶಕದಲ್ಲಿ ರೂಪಿಸಿದರು. ನಮ್ಮ ಹಿರಿಯರು ಮರಳಲ್ಲಿ ತಿದ್ದಿಸುತ್ತಿದ್ದುದನ್ನು ಬಲ್ಲವರಿಗೆ ಇದು ತೀರ ಅಪರಿಚಿತವೆನಿಸದು.

ಒಂದನ್ನೊಂದು ಹೋಲುವ ಅಕ್ಷರಗಳನ್ನು ಒಂದೇ ದಿನ ಕಲಿಸಬೇಡಿ. ಬ ಗಟ್ಟಿಯಾಗಲಿ, ವಾರ ಬಿಟ್ಟು ಭ ಬರಲಿ. ಹದಿನೈದು ನಿಮಿಷ ಕಲಿಸಿ, ಬಿಡಿ, ಮತ್ತೆ ಕಲಿಸಿ. ಮನೆಮಾತಿನಲ್ಲೇ ವಿವರಿಸಿ. ಎಲ್ಲರ ಮುಂದೆ ಗಟ್ಟಿಯಾಗಿ ಓದಿಸಬೇಡಿ. ದಿನದ ಪಾಠವನ್ನು ಮಗುವಿಗೆ ಬರುವ ಸಾಲಿನಲ್ಲೇ ಮುಗಿಸಿ. ಮನೆಗೆ ಹೋಗುವಾಗ ಗೆದ್ದ ಮುಖದಲ್ಲಿ ಹೋಗಲಿ.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಕಲಿಸುವವರು ವೈದ್ಯರಲ್ಲ. ನಾಲ್ಕು ತಪ್ಪು ಕಂಡ ಮಾತ್ರಕ್ಕೆ “ಇವಗ ಡಿಸ್ಲೆಕ್ಸಿಯಾ ಐತಿ” ಎಂದುಬಿಟ್ಟರೆ ದಡ್ಡ ಎಂಬ ಹಳೆಯ ಹೆಸರನ್ನು ತೆಗೆದು ಹೊಸ ಹೆಸರು ಅಂಟಿಸಿದಂತಾಗುತ್ತದೆ. ಮೊದಲು ಕಣ್ಣು, ಕಿವಿ ತೋರಿಸಬೇಕು. ಕರಿಹಲಗೆ ಕಾಣದ ಮಗುವಿಗೆ ಬೇಕಾದದ್ದು ಚಷ್ಮಾ. ಬಳಿಕ ಶಾಲೆಯ ಗುರುಗಳಿಗೆ ನಿಮ್ಮ ವಹಿ ತೋರಿಸಿ. ಹರಿಯಾಣದ ಮಾನೇಸರದಲ್ಲಿರುವ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರದವರು ಡಾಲಿ ಎಂಬ ಪರೀಕ್ಷಾ ಸಾಮಗ್ರಿಯನ್ನು 2015ರಲ್ಲಿ ಹೊರತಂದರು. ಹಿಂದಿ, ಇಂಗ್ಲಿಷುಗಳ ಜೊತೆ ಮರಾಠಿ ಮತ್ತು ಕನ್ನಡದಲ್ಲೂ ಅದು ಸಿದ್ಧವಾಯಿತು. ನಮ್ಮ ಗಡಿಯ ಮಗುವಿನ ಎರಡು ಭಾಷೆಗಳೂ ಅದರಲ್ಲಿವೆ ಎಂಬುದನ್ನು ಗಮನಿಸಬೇಕು. ಅದರಲ್ಲಿ ಶಿಕ್ಷಕರು ಬಳಸುವ ಭಾಗ ಬೇರೆ, ಮನಶ್ಶಾಸ್ತ್ರಜ್ಞರು ಬಳಸುವ ಭಾಗ ಬೇರೆ.

ಕಾನೂನಿನ ಬಲವೂ ಇದೆ. 1995ರ ಅಂಗವಿಕಲರ ಕಾಯ್ದೆಯ ಪಟ್ಟಿಯಲ್ಲಿ ಏಳು ಬಗೆಯಿದ್ದವು, ಕಲಿಕೆಯ ನ್ಯೂನತೆ ಅದರಲ್ಲಿರಲಿಲ್ಲ. 2016ರ ಕಾಯ್ದೆ ಅದನ್ನು 21ಕ್ಕೆ ಏರಿಸಿ ಕಲಿಕೆಯ ನ್ಯೂನತೆಯನ್ನೂ ಸೇರಿಸಿತು. ಮಹಾರಾಷ್ಟ್ರ ಸರಕಾರ 1996ರಲ್ಲಿಯೇ ಇಂಥ ವಿದ್ಯಾರ್ಥಿಗಳಿಗೆ ಪರೀಕ್ಷೆಯಲ್ಲಿ ಹೆಚ್ಚಿನ ಸಮಯ ಮೊದಲಾದ ಸವಲತ್ತು ಕೊಡಲು ಆರಂಭಿಸಿತ್ತು. ಎಂಟು ವರ್ಷ ಅಥವಾ ಮೂರನೆಯ ತರಗತಿ, ಯಾವುದು ಮೊದಲೋ ಆಗ ಶಾಲೆಯಲ್ಲೇ ಪ್ರಾಥಮಿಕ ತಪಾಸಣೆ ನಡೆಯಬೇಕೆಂದು 2018ರ ಮಾರ್ಗಸೂಚಿ ಹೇಳಿತು. ಮುಂಬಯಿ, ಪುಣೆಯ ಮಕ್ಕಳು ಈ ಸವಲತ್ತು ಪಡೆಯುತ್ತಾರೆ, ಏಕೆಂದರೆ ಕೇಳುವವರಿದ್ದಾರೆ. ನಮ್ಮ ಹಳ್ಳಿಯ ತಾಯಿಗೆ ಕೇಳಬಹುದೆಂಬುದೇ ಗೊತ್ತಿರುವುದಿಲ್ಲ. ಅದನ್ನು ಹೇಳುವವರು ಪಡಸಾಲೆಯಲ್ಲಿ ಪಾಠ ಹೇಳುವ ನೀವೇ ಆಗಬೇಕು. ಪ್ರಮಾಣಪತ್ರ ಬಂದರೆ ಪರೀಕ್ಷೆ ಸುಲಭವಾದೀತು. ಓದು ಬರಬೇಕಾದರೆ ಮಾತ್ರ ದಿನದಿನದ ಪಾಠವೇ ಬೇಕು. ನ್ಯೂನತೆ ಪೂರ್ತಿ ಹೋಗುತ್ತದೆಂದು ಯಾರಿಗೂ ಮಾತು ಕೊಡಬೇಡಿ. ಹೆಚ್ಚು ಹೊತ್ತು ಹಿಡಿದರೂ ಈ ಮಗು ಕಲಿಯುತ್ತದೆ ಎಂದು ಧೈರ್ಯವಾಗಿ ಹೇಳಿ.

ಸಲಗರ ಬುದ್ರುಕದ, ಅಕ್ಕಲಕೋಟೆ ಸೋಲಾಪುರ ಸುತ್ತಣ ಹಳ್ಳಿಗಳ ತಂಗಿಯರೆ, ತಮ್ಮಂದಿರೆ, ನಾಳೆ ಸಂಜೆ ಪಾಠಕ್ಕೆ ಕೂಡುವಾಗ ಪಕ್ಕದಲ್ಲಿ ಒಂದು ಹೊಸ ವಹಿ ಇಟ್ಟುಕೊಳ್ಳಿ. ಓದಲು ಬಾರದ ಮಗುವಿನ ಹೆಸರನ್ನು ಮೊದಲ ಪುಟದಲ್ಲಿ ಬರೆಯಿರಿ. ಅದು ಹೇಗೆ ತಪ್ಪು ಓದುತ್ತದೋ ಹಾಗೆಯೇ ಕೆಳಗೆ ಬರೆಯುತ್ತ ಹೋಗಿ. ನಾನು ಆ ವಹಿ ಇಡಲಿಲ್ಲ. ಇಟ್ಟಿದ್ದರೆ ಆ ಹುಡುಗ ಬಸ್ ನಿಲ್ದಾಣದಲ್ಲಿ ನನ್ನೆದುರು ಇಲ್ಲದ ಚಷ್ಮಾದ ಮಾತು ಆಡಬೇಕಾಗಿರಲಿಲ್ಲ.